ಸೇರಿಸಿದ ಸಾಲುಗಳು

ಪಿಟೀಲುಗಳು ಶುರುವಾದಾಗಿನಿಂದ ಅವನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಒಂದಾದ ಬ್ಯಾಂಡು, ಬರೀ ಗಿಟಾರಿನ ಹಳೆಯ ಹಾಡುಗಳಿಗೆ ವೇದಿಕೆ ತುಂಬ ವಾದ್ಯವೃಂದ ಕಟ್ಟಿಕೊಂಡು ಬಂದಿತ್ತು.

"ಹಾಡನ್ನ ಮದುವೆ ಆರತಕ್ಷತೆ ಮಾಡ್ಬಿಟ್ರಲ್ಲೇ!" ಎಂದು ಪಕ್ಕದಲ್ಲಿದ್ದ ತಂಗಿಯ ಕಿವಿಯಲ್ಲಿ ಗೊಣಗಿದ.

"ಸುಮ್ನೆ ಕೇಳಣ್ಣ."

ಸುಮ್ಮನೆ ಕೇಳುವುದು ಹೇಗೆ? ಕಾಲೇಜಿನಲ್ಲಿದ್ದಾಗ ಕೊಂಡ ಕ್ಯಾಸೆಟ್ಟನ್ನು ಅವನು ಇಂದಿಗೂ ಜೋಪಾನವಾಗಿಟ್ಟಿದ್ದ. ಈ ಹಾಡುಗಳನ್ನು ಕೇಳಿದರೆ ಅದರಲ್ಲೇ ಕೇಳಬೇಕು, ಮೊಬೈಲಿನಲ್ಲಿ ಕೇಳುವವರು ಅಭಿಮಾನಿಗಳೇ ಅಲ್ಲ ಎನ್ನುವ ಆಸಾಮಿ.

ಕೊನೆಗೆ ಅವನ ಪ್ರಾಣದಂಥ ಹಾಡು ಬಂತು. ಮೊದಲ ಚರಣ ಮುಗಿದು ಪಲ್ಲವಿಗೆ ಮರಳಬೇಕಾದ ಕಡೆ ಗಾಯಕ ಮತ್ತೆರಡು ಸಾಲು ಹಾಡಿದ. ಇವನಿಗೆ ತಡೆಯಲಾಗಲಿಲ್ಲ. ತಂಗಿ ಅಂಗಿ ಹಿಡಿದು ಜಗ್ಗುತ್ತಿದ್ದರೂ ಎದ್ದು ನಿಂತ.

"ರೀ ಸ್ವಾಮಿ, ಸಾಹಿತ್ಯಾನಾದ್ರೂ ಇದ್ದ ಹಾಗೇ ಬಿಡ್ರೀ! ಆ ಎರಡು ಸಾಲು ಎಲ್ಲಿಂದ ತಂದ್ರಿ?"

ವಾದ್ಯಗಳು ನಿಂತವು. ಗಾಯಕ ನಕ್ಕು, ಮೈಕನ್ನು ಸಭೆಯತ್ತ ತಿರುಗಿಸಿದ.

"ಎಲ್ಲಿಂದ ತಂದ್ವಿ, ನೀವೇ ಹೇಳಿ."

ಪಿಟೀಲಿಲ್ಲದೆ, ಗಿಟಾರಿಲ್ಲದೆ, ಇಡೀ ಸಭಾಂಗಣ ಒಂದೇ ದನಿಯಲ್ಲಿ ಆ ಎರಡು ಸಾಲನ್ನು ಹಾಡಿತು.

ಅವನು ಕುಸಿದು ಕುಳಿತ.

"ಇವರಿಗೆಲ್ಲ ಹೇಗೆ ಗೊತ್ತು?"

ತಂಗಿ ಅವನ ಮುಖ ನೋಡಲಿಲ್ಲ.

"ಅಣ್ಣಾ, ನೀನು ಕ್ಯಾಸೆಟ್ ತಂದ ದಿನಾನೇ, ನಿನಗಿಂತ ಮುಂಚೆ ನಾನು ಹಾಕಿ ಕೇಳ್ದೆ. ಟೇಪು ಸಿಕ್ಕಾಕ್ಕೊಂಡ್ಬಿಡ್ತು. ಹಾಳಾಗಿದ್ದಷ್ಟನ್ನ ಕತ್ತರಿಸಿ, ನೈಲ್ ಪಾಲಿಶಲ್ಲಿ ಅಂಟಿಸಿಟ್ಟೆ."