ಬಿಟ್ಟುಹೋದ ಪುಟ

"ಷಡಕ್ಷರಿ, ಕಾರ್ಡು ಹಾಕ್ಬೇಡ್ವೋ!" ಕೊಳ್ಳೇಗಾಲದ ಅಂಚೆ ಕಚೇರಿಯಲ್ಲಿ ರುದ್ರಸ್ವಾಮಿ ಫೋನಿಗೆ ಬಾಯಿ ಹಚ್ಚಿ ಕೂಗಿದ.

"ಹಲೋ, ಯಾರು?" ಬೆಂಗಳೂರಿನಲ್ಲಿದ್ದ ಗೆಳೆಯನ ದನಿ ಸ್ಪಷ್ಟವಾಗಿ ಕೇಳಿತು. ಇವನ ಮಾತು ಮಾತ್ರ ಅತ್ತ ಮುಟ್ಟಲಿಲ್ಲ. "ಯಾರೂ ಮಾತಾಡ್ತಿಲ್ಲ, ಸಾರ್." ಫೋನನ್ನು ಹಾಗೇ ಮೇಜಿನ ಮೇಲಿಟ್ಟ ಸದ್ದಾಯಿತು; ಲೈನು ತೆರೆದೇ ಇತ್ತು.

"ನಮ್ ಲೈನು ಇಂಗೇಯ ಸಾ, ಒಂದೊಂದ್ಸಲ ಬರೀ ಕೇಳುಸ್ತದೆ," ಎಂದ ಆಪರೇಟರ್ ಮುತ್ತಯ್ಯ. "ಎಂಜಲು ಕೈ ಫೋನಿಗೆ ತಗುಲುಸ್ಬೇಡಿ."

ತಂಗಿಯ ಮದುವೆಯೂಟದ ಎಲೆ ಮುಂದೆ ತಪ್ಪು ಹೊಳೆದು, ರುದ್ರಸ್ವಾಮಿ ಕೈ ತೊಳೆಯದೆ ಓಡಿ ಬಂದಿದ್ದ. ಕಂಪ್ಯೂಟರಿನ ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಿ, ಯಾವ ಪುಟ ಎಲ್ಲಿದೆಯೆಂದು ತಿಳಿಸುವ ಕೋಷ್ಟಕವನ್ನು ಅವನೇ ಬರೆದು, ಯಂತ್ರ ಓದುವ ತೂತಿನ ಕಾರ್ಡುಗಳಿಗೆ ಇಳಿಸಿದ್ದ. ಅದು ಜಾರಿಗೆ ಬಂದ ಮೇಲೆ, ಅದರಲ್ಲಿ ಇಲ್ಲದ್ದು ಯಂತ್ರಕ್ಕೆ ಕಾಣುವುದೇ ಇಲ್ಲ. ಕೋಷ್ಟಕವನ್ನು ಜಾರಿಗೆ ತರುವ ಪ್ರೋಗ್ರಾಮ್ ಇದ್ದ ಪುಟವನ್ನೇ ಅವನು ಸೇರಿಸಿರಲಿಲ್ಲ; ಜಾರಿಯಾದ ಕ್ಷಣವೇ ಯಂತ್ರ ಮುಂದಿನ ಹೆಜ್ಜೆ ಕಾಣದೆ ನಿಂತುಬಿಡುತ್ತಿತ್ತು. ದಿಲ್ಲಿಯ ಅಧಿಕಾರಿಗಳು ಬೆಂಗಳೂರಿನಲ್ಲಿ ಅದನ್ನು ನೋಡಲು ಕೂತಿದ್ದರು. ಯಂತ್ರ ಓಡದಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

"ಶುರು ಮಾಡ್ತೀನಿ, ಸಾರ್. ನಮ್ಮ ರುದ್ರಸ್ವಾಮಿ ಬರೆದದ್ದು, ತಪ್ಪಿರಲ್ಲ," ಎಂದು ಷಡಕ್ಷರಿ ಹೇಳುವುದು ಫೋನಿನಲ್ಲಿ ಕೇಳಿತು.

ಕಾರ್ಡುಗಳು ಪಟಪಟನೆ ಓಡಿದವು. ರುದ್ರಸ್ವಾಮಿ ಇನ್ನೊಮ್ಮೆ ಕೂಗಿದ. ಅತ್ತ ಸದ್ದು ನಿಂತಿತು.

"ಯಾಕ್ರೀ, ಏನೂ ಬರ್ತಿಲ್ಲ?" ಯಾರೋ ಕೇಳಿದರು.

"ಒಂದ್ನಿಮಿಷ, ಸಾರ್," ಎಂದ ಷಡಕ್ಷರಿ. "ರುದ್ರಸ್ವಾಮಿಗೇ ಫೋನ್ ಮಾಡಿ ಕೇಳ್ತೀನಿ."

ಲೈನು ಕಟ್ಟಾಯಿತು.