ಕಿರುಬೆರಳು ಕಂಡ ತಿರುವು

"ಅದನ್ನ ಅಳಿಸ್ಬೇಡಿ ತಾಯಿ!"

ಹಿಂದೆ ನಿಂತಿದ್ದ ಮುದುಕ ಫಿಟ್ಟರ್ ಕೂಗಿದ್ದಕ್ಕೆ ಇಂಜಿನಿಯರಮ್ಮನ ಬೆರಳು ಮೌಸಿನ ಮೇಲೆಯೇ ನಿಂತಿತು. ಅವನು ಅರದಿಂದ ಉಜ್ಜಿ ತಿದ್ದಿದ ಎಂಜಿನ್ ಉಳಿದವಕ್ಕಿಂತ ಕಡಿಮೆ ಎಣ್ಣೆ ಕುಡಿಯುತ್ತಿತ್ತು. ಅದರ ಗುಟ್ಟು ಹುಡುಕಲೆಂದು ಒಳಭಾಗದ ಸ್ಕ್ಯಾನನ್ನು ಆಗಷ್ಟೇ ಕಂಪ್ಯೂಟರಿಗೆ ಇಳಿಸಿದ್ದಳು. ಗಾಳಿ ನುಗ್ಗುವ ಕೊಳವೆಯ ತಿರುವಿನಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಕಾಣುತ್ತಿತ್ತು.

"ಇದು ಸ್ಕ್ಯಾನಿನ ತಪ್ಪು ಅಜ್ಜ. ನುಣುಪು ಮಾಡ್ದಿದ್ರೆ ಲೆಕ್ಕ ಕೆಡುತ್ತೆ."

"ತಪ್ಪಲ್ಲ, ನಾನೇ ಬಿಟ್ಟಿದ್ದು. ಅಲ್ಲಿಗೆ ಕಣ್ಣು ಹೋಗಲ್ಲ, ಕಿರುಬೆರಳು ಹೋಗುತ್ತೆ. ಅದಿದ್ರೆ ಎಂಜಿನ್ ಸಲೀಸಾಗಿ ಉಸಿರಾಡುತ್ತೆ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಅವಳಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿದಂತಾಯಿತು. ಆದರೂ ಹಿರಿಯನ ಮಾತು ತೆಗೆದುಹಾಕಲಾರದೆ ಉಬ್ಬನ್ನು ಹಾಗೇ ಬಿಟ್ಟಳು. ಕಂಪ್ಯೂಟರು ಗಾಳಿಯ ಹರಿವನ್ನು ಎರಡು ಗಂಟೆ ಲೆಕ್ಕ ಹಾಕಿತು. ಆಮೇಲೆ ಪರದೆಯಲ್ಲಿ ಗಾಳಿಯ ನೀಲಿ ಎಳೆಗಳು ಕೊಳವೆಯಲ್ಲಿ ನೆಟ್ಟಗೆ ಬಂದವು. ಉಬ್ಬಿಗೆ ತಾಗಿದ್ದೇ ತಡ, ಒಂದಕ್ಕೊಂದು ಹೆಣೆದುಕೊಂಡು ಸುರುಳಿಯಾಗಿ ಸಿಲಿಂಡರಿನ ತುಂಬ ಅರಳಿದವು. ಅಂಥ ಸುರುಳಿಯನ್ನು ಅವಳು ಪುಸ್ತಕದಲ್ಲೂ ಕಂಡಿರಲಿಲ್ಲ.

ಮುದುಕ ಬಾಯಿಯ ಮೇಲೆ ಕೈಯಿಟ್ಟುಕೊಂಡ. ನಲವತ್ತು ವರ್ಷ ಬೆರಳಿಗಷ್ಟೇ ಗೊತ್ತಿದ್ದುದನ್ನು ಅವನ ಕಣ್ಣು ಈಗ ನೋಡುತ್ತಿತ್ತು.

"ಹೀಗಿರುತ್ತಾ ಅದು!" ಎಂದ ಮೆಲ್ಲಗೆ.

ಇಂಜಿನಿಯರಮ್ಮ ಎದ್ದು, ತನ್ನ ಕುರ್ಚಿಯನ್ನು ಅವನತ್ತ ಸರಿಸಿದಳು.