ದಿಂಬಿನ ಭಾರ

"ಮಂಡಿ ಮಡಚಿ, ಬೆನ್ನು ನೆಟ್ಟಗಿರಲಿ. ಈಗ ದಿಂಬು ಎತ್ತಿ," ಎಂದಳು ಫಿಸಿಯೋಥೆರಪಿಯ ಹುಡುಗಿ. ನಡುನೋವಿನ ಟೀಚರಮ್ಮ ಮಂಚದತ್ತ ಬಗ್ಗಿದರು. ಒಂದು ಕೈ ದಿಂಬಿನ ಮೇಲ್ತುದಿಯ ಅಡಿಗೆ ಹೋಯಿತು, ಕತ್ತಿಗೆ ಆಸರೆ ಕೊಟ್ಟ ಹಾಗೆ. ಇನ್ನೊಂದು ಕೆಳತುದಿಯ ಅಡಿಗೆ, ಕಾಲುಗಳನ್ನು ತಬ್ಬಿ ಹಿಡಿದ ಹಾಗೆ. ಅಷ್ಟು ಹಗುರ ದಿಂಬಿಗೇ ಏದುಸಿರು ಬಂತು.

"ಯಾರನ್ನ ಎತ್ತುತಾ ಇದ್ದೀರಿ?"

"ನಮ್ಮತ್ತೇನ. ಹಾಸಿಗೆ ಹಿಡಿದಿದ್ರು. 'ಮೆಲ್ಲಗೆ ಕಣೇ, ನಾನೇನು ಹತ್ತಿ ಮೂಟೆನಾ' ಅಂತ ರೇಗಿಸೋರು. ಹೋಗಿ ವರ್ಷವಾಯ್ತು, ಭಾರ ಮಾತ್ರ ಇಳಿದೇ ಇಲ್ಲ."

ಹುಡುಗಿ ನಗಲಿಲ್ಲ. "ಹಾಗಾದ್ರೆ ಎದೆಗೊತ್ತಿ ಹಿಡ್ಕೊಳ್ಳಿ, ಭಾರ ಕಾಲಿಗೆ ಬರ್ಲಿ. ಉಸಿರು ಬಿಡ್ತಾ ನಿಧಾನಕ್ಕೆ ಮಲಗಿಸಿ."

ಟೀಚರಮ್ಮ ಮಲಗಿಸಿದರು. ನಡು ಚುಳ್ಳೆನ್ನಲಿಲ್ಲ. ಆದರೆ ಅಡಿಯಿಂದ ಕೈ ತೆಗೆಯಲು ಮನಸ್ಸು ಬರಲೇ ಇಲ್ಲ. ಹುಡುಗಿ ಹತ್ತಿರ ಬಂದು, ದಿಂಬಿಗೆ ಕತ್ತಿನವರೆಗೆ ಹೊದಿಕೆ ಹೊದಿಸಿದಳು.